ಕಪ್ಪಿನ ಮೊದಲ ಸುತ್ತು ಮತ್ತು ನಮ್ಮ ಇಲ್ಫರ್ಡ್

ಫುಟ್‌ಬಾಲ್ ಎಂದ ಕೂಡಲೇ ನಮ್ಮ ಶಾಲೆಯ ಮಕ್ಕಳ ಬಾಯಲ್ಲಿ ಬರುವ ಹೆಸರುಗಳು ಆರ್ಸೆನಲ್, ಟಾಟನ್‌ಹ್ಯಾಮ್, ವೆಸ್ಟ್ ಹ್ಯಾಮ್, ಲಿವರ್‌ಪೂಲ್. ಎಫ್.ಎ. ಕಪ್ ಎಂದರೆ ವೆಂಬ್ಲಿ ಕ್ರೀಡಾಂಗಣ, ತುಂಬಿದ ಜನ, ಬೆಳ್ಳಿಯ ಬಟ್ಟಲನ್ನು ಎತ್ತಿ ಹಿಡಿದ ನಾಯಕ. ಇದನ್ನೆಲ್ಲ ನಾವು ವರ್ಷಕ್ಕೊಮ್ಮೆ ಮನೆಯಲ್ಲಿ ಕುಳಿತು ಟಿ.ವಿ.ಯಲ್ಲಿ ನೋಡುತ್ತೇವೆ. ಆದರೆ ಆ ಕಪ್ ವೆಂಬ್ಲಿಯಲ್ಲಿ ಹುಟ್ಟುವುದಿಲ್ಲ. ಪ್ರತಿ ವರ್ಷ ಆಗಸ್ಟ್ ತಿಂಗಳಲ್ಲಿ, ಮಕ್ಕಳಿಗೆ ಇನ್ನೂ ಬೇಸಿಗೆ ರಜೆ ಇರುವಾಗಲೇ, ಅದು ಇಲ್ಫರ್ಡಿನಂತಹ ಊರುಗಳ ಸಣ್ಣ ಸಣ್ಣ ಮೈದಾನಗಳಲ್ಲಿ ಶುರುವಾಗುತ್ತದೆ. ಅಲ್ಲಿ ನೋಡುವವರು ನೂರೋ ಇನ್ನೂರೋ ಜನ. ನಮ್ಮಲ್ಲಿ ಕೆಲವು ಕುಟುಂಬಗಳು ಆ ನೂರಿನ್ನೂರು ಜನರ ಪೈಕಿ ಸೇರಿದ್ದೇವೆ. ಆ ಪಂದ್ಯಗಳು ಹೇಗೆ ನಡೆಯುತ್ತವೆ, ಅವುಗಳನ್ನು ಏಕೆ ನೋಡಬೇಕು, ಅವುಗಳಿಗೂ ನಮ್ಮ ಕನ್ನಡ ನಾಡಿಗೂ ಏನು ಸಂಬಂಧ ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಕಪ್ ನಡೆಯುವ ಬಗೆ

ಲೀಗ್ ಎಂದರೆ ಎಲ್ಲ ತಂಡಗಳೂ ಎಲ್ಲ ತಂಡಗಳೊಡನೆ ಆಡಿ ಅಂಕ ಗಳಿಸುವ ಪದ್ಧತಿ. ಅಲ್ಲಿ ಒಂದು ವಾರ ಸೋತರೆ ಮುಂದಿನ ವಾರ ಸುಧಾರಿಸಿಕೊಳ್ಳಬಹುದು. ಕಪ್ ಹಾಗಲ್ಲ. ಅದು ನಾಕ್‌ಔಟ್. ಸೋತವರು ಆ ವರ್ಷಕ್ಕೆ ಹೊರಗೆ, ಗೆದ್ದವರು ಮುಂದಿನ ಸುತ್ತಿಗೆ. ಯಾರು ಯಾರನ್ನು ಎದುರಿಸಬೇಕು, ಯಾರ ಮೈದಾನದಲ್ಲಿ ಎಂಬುದನ್ನು ಪ್ರತಿ ಸುತ್ತಿಗೂ ಚೀಟಿ ಎತ್ತಿ ನಿರ್ಧರಿಸುತ್ತಾರೆ.

ಈಚಿನ ವರ್ಷಗಳಲ್ಲಿ ಏಳುನೂರಕ್ಕೂ ಹೆಚ್ಚು ತಂಡಗಳು ಈ ಕಪ್ಪಿಗೆ ಸೇರುತ್ತಿವೆ. ಎಲ್ಲ ತಂಡಗಳೂ ಒಟ್ಟಿಗೆ ಆರಂಭಿಸುವುದಿಲ್ಲ. ಇಂಗ್ಲೆಂಡಿನ ಫುಟ್‌ಬಾಲ್ ಒಂದು ಏಣಿಯಿದ್ದಂತೆ. ಮೇಲಿನ ಮೆಟ್ಟಿಲಲ್ಲಿ ಪ್ರೀಮಿಯರ್ ಲೀಗ್, ಕೆಳಗೆ ಒಂಬತ್ತನೆಯ ಮೆಟ್ಟಿಲಲ್ಲಿ ನಮ್ಮ ಎಸೆಕ್ಸ್ ಸೀನಿಯರ್ ಲೀಗ್‌ನಂತಹ ಪ್ರಾದೇಶಿಕ ಲೀಗ್‌ಗಳು. ಕೆಳಗಿನವರು ಮೊದಲು ಆಡುತ್ತಾರೆ. ಎರಡು ಪ್ರಾಥಮಿಕ ಸುತ್ತು, ಆಮೇಲೆ ನಾಲ್ಕು ಅರ್ಹತಾ ಸುತ್ತು. ಈ ಆರು ಮುಗಿದ ಮೇಲೆಯೇ ಅಧಿಕೃತವಾಗಿ 'ಮೊದಲ ಸುತ್ತು' ಎಂದು ಕರೆಯುವ ಸುತ್ತು ಬರುವುದು! ಆಗ ಮೂರನೆಯ ಮತ್ತು ನಾಲ್ಕನೆಯ ಮೆಟ್ಟಿಲಿನ 48 ತಂಡಗಳು ಸೇರಿಕೊಳ್ಳುತ್ತವೆ. ಪ್ರೀಮಿಯರ್ ಲೀಗ್ ಮತ್ತು ಚಾಂಪಿಯನ್‌ಶಿಪ್‌ನ 44 ದೊಡ್ಡ ತಂಡಗಳು ಬರುವುದು ಮೂರನೆಯ ಸುತ್ತಿಗೆ, ಅಂದರೆ ಹೊಸ ವರ್ಷದ ಹೊತ್ತಿಗೆ. ತೀರ ಕೆಳಗಿನ ತಂಡವೊಂದು ಕಪ್ ಗೆಲ್ಲಬೇಕಾದರೆ ಹದಿನಾಲ್ಕು ಸುತ್ತು ದಾಟಬೇಕು. ಇದುವರೆಗೆ ಹಾಗೆ ಗೆದ್ದವರಿಲ್ಲ. ಆದರೆ ನಿಯಮದ ಪ್ರಕಾರ ದಾರಿ ಮುಚ್ಚಿಲ್ಲ ಎಂಬುದೇ ಈ ಕಪ್ಪಿನ ಜೀವಾಳ.

ಕೊಡಗಿನ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿಯ ಕೌಟುಂಬಿಕ ಹಾಕಿ ಹಬ್ಬವೂ ಇದೇ ಬಗೆಯದು. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದಾಗ ಸೇರಿದ್ದು 60 ಕುಟುಂಬಗಳು. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದ ಕುಂಡ್ಯೋಳಂಡ ಕಪ್ಪಿಗೆ 360 ಕುಟುಂಬಗಳ ತಂಡಗಳು ಬಂದು ಗಿನ್ನೆಸ್ ದಾಖಲೆಯಾಯಿತು. ಅಲ್ಲಿ ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಆಡುವುದುಂಟು. ಫೈನಲ್ ನೋಡಲು ಎಲ್ಲರೂ ಬರುತ್ತಾರೆ ನಿಜ. ಆದರೆ ಅದು ಹಬ್ಬವಾಗುವುದು ಮೊದಲ ಸುತ್ತಿನ ನೂರಾರು ಪಂದ್ಯಗಳಿಂದ. ತಮ್ಮ ಮನೆತನ ಎರಡನೆಯ ಸುತ್ತಿಗೆ ಹೋದರೆ ಸಾಕು ಎಂದು ಬಂದವರಿಂದ. ಎಫ್.ಎ. ಕಪ್ಪಿನ ಆಗಸ್ಟ್ ತಿಂಗಳೂ ಹಾಗೆಯೇ.

ಮೊದಲ ದಿನದಿಂದಲೂ ನಮ್ಮ ನೆರೆಹೊರೆ

ಎಫ್.ಎ. ಕಪ್ ಜಗತ್ತಿನಲ್ಲೇ ಅತ್ಯಂತ ಹಳೆಯ ಫುಟ್‌ಬಾಲ್ ಪಂದ್ಯಾವಳಿ. 1871ರಲ್ಲಿ ಆರಂಭವಾದಾಗ ಹೆಸರು ಕೊಟ್ಟವು 15 ತಂಡಗಳು. ಅವುಗಳಲ್ಲಿ ಒಂದರ ಹೆಸರು ಅಪ್ಟನ್ ಪಾರ್ಕ್. ಸೀರೆ, ಒಡವೆ, ಹಬ್ಬದ ಸಾಮಾನು ಕೊಳ್ಳಲು ನಾವು ಹೋಗುವ ಗ್ರೀನ್ ಸ್ಟ್ರೀಟ್ ಇರುವುದು ಆ ಅಪ್ಟನ್ ಪಾರ್ಕಿನಲ್ಲೇ. 2016ರವರೆಗೆ ವೆಸ್ಟ್ ಹ್ಯಾಮ್ ಯುನೈಟೆಡ್ ತಂಡದ ಮೈದಾನವೂ ಅಲ್ಲೇ ಇತ್ತು. ಆದರೆ ನಾವು ಹೇಳುತ್ತಿರುವ ಅಪ್ಟನ್ ಪಾರ್ಕ್ ತಂಡ ಅದಕ್ಕಿಂತ ಹಳೆಯದು, ಬೇರೆಯದು. ವೆಸ್ಟ್ ಹ್ಯಾಮ್ ಪಾರ್ಕಿನಲ್ಲಿ ಆಡುತ್ತಿದ್ದ ಹವ್ಯಾಸಿಗಳ ತಂಡ ಅದು. 1871ರ ನವೆಂಬರ್ 11ರಂದು ಕ್ಲಾಪ್‌ಹ್ಯಾಮ್ ರೋವರ್ಸ್ ತಂಡದ ಜಾರ್ವಿಸ್ ಕೆನ್ರಿಕ್ ಎಂಬಾತ ಕಪ್ಪಿನ ಇತಿಹಾಸದ ಮೊಟ್ಟಮೊದಲ ಗೋಲು ಹೊಡೆದದ್ದು ಈ ಅಪ್ಟನ್ ಪಾರ್ಕ್ ತಂಡದ ಮೇಲೆಯೇ. ನಮ್ಮ ನೆರೆಯವರು 3-0 ಅಂತರದಿಂದ ಸೋತರು.

ಸೋತರೂ ಅವರು ಹೆಸರು ಉಳಿಸಿದರು. 1884ರಲ್ಲಿ ಪ್ರೆಸ್ಟನ್ ನಾರ್ತ್ ಎಂಡ್ ತಂಡ ಗುಟ್ಟಾಗಿ ಹಣ ಕೊಟ್ಟು ಆಟಗಾರರನ್ನು ಆಡಿಸುತ್ತಿದೆ ಎಂದು ದೂರು ಕೊಟ್ಟವರು ಇವರೇ. ಪ್ರೆಸ್ಟನ್ ತಂಡವನ್ನು ಆ ವರ್ಷದ ಕಪ್ಪಿನಿಂದ ಹೊರಹಾಕಲಾಯಿತು. ಆದರೆ ಆ ಗಲಾಟೆಯ ಫಲವಾಗಿ 1885ರಲ್ಲಿ ಹಣ ಪಡೆದು ಆಡುವುದಕ್ಕೆ ಅಧಿಕೃತ ಒಪ್ಪಿಗೆಯೂ ಸಿಕ್ಕಿತು. ಇಂದು ನಾವು ನೋಡುವ ವೃತ್ತಿಪರ ಫುಟ್‌ಬಾಲಿಗೆ ಬಾಗಿಲು ತೆರೆದದ್ದು ಹೀಗೆ, ನಮ್ಮ ಪಕ್ಕದ ಬಡಾವಣೆಯ ಒಂದು ದೂರಿನಿಂದ. 1872ರ ಮೊದಲ ಫೈನಲ್ ನೋಡಿದವರು ಸುಮಾರು 2,000 ಜನ ಮಾತ್ರ. ಸಣ್ಣ ಜನಸಂದಣಿಯ ಮುಂದೆ ಆಡುವುದು ಈ ಕಪ್ಪಿಗೆ ಅವಮಾನವಲ್ಲ, ಅದು ಹುಟ್ಟಿದ ರೀತಿಯೇ ಹಾಗೆ.

ಗೆರೆಯ ಪಕ್ಕದಲ್ಲಿ ನಿಂತು ನೋಡಿದಾಗ

ದೊಡ್ಡ ಕ್ರೀಡಾಂಗಣಕ್ಕೂ ಇಲ್ಲಿಗೂ ಇರುವ ಮೊದಲ ವ್ಯತ್ಯಾಸ ಕಿವಿಗೆ ತಿಳಿಯುತ್ತದೆ. ಟಿ.ವಿ.ಯಲ್ಲಿ ನಮಗೆ ಕೇಳುವುದು ಜನರ ಕೂಗು, ಇಲ್ಲಿ ಕೇಳುವುದು ಆಟಗಾರರ ಕೂಗು. ಹಿಂದೆ ಯಾರಿದ್ದಾರೆ, ಚೆಂಡನ್ನು ಯಾರು ಬಿಡಬೇಕು, ಯಾರು ಮುಂದೆ ಓಡಬೇಕು ಎಂದು ಗೋಲ್ ಕೀಪರ್ ತೊಂಬತ್ತು ನಿಮಿಷವೂ ಮಾತನಾಡುತ್ತಲೇ ಇರುತ್ತಾನೆ. ಫುಟ್‌ಬಾಲ್ ಬರಿಯ ಕಾಲಿನ ಆಟವಲ್ಲ, ಮಾತಿನ ಆಟವೂ ಹೌದು ಎಂಬುದು ಮಕ್ಕಳಿಗೆ ಇಲ್ಲಿ ಅರ್ಥವಾಗುವಷ್ಟು ಚೆನ್ನಾಗಿ ಬೇರೆಲ್ಲೂ ಆಗದು. ಎರಡು ಎದೆಗಳ ನಡುವೆ ಚೆಂಡು ಸಿಕ್ಕಿದಾಗ ಆಗುವ ಸದ್ದು, ಒದ್ದೆ ಹುಲ್ಲಿನ ಮೇಲೆ ಜಾರಿ ಬಂದ ಕಾಲಿನ ಸದ್ದು, ರೆಫರಿ ಗದರುವ ಮಾತು, ಎಲ್ಲವೂ ಕೇಳುತ್ತದೆ.

ಎರಡನೆಯದು, ಜಾಗ. ಟಿಕೆಟ್ ಕೊಂಡವರು ಎಲ್ಲಿ ಬೇಕಾದರೂ ನಿಲ್ಲಬಹುದು. ನಮ್ಮ ತಂಡ ಗೋಲು ಹೊಡೆಯುವ ಕಡೆಗೆ ಹೋಗಿ ನಿಲ್ಲುವುದು, ಅರ್ಧ ಆಟ ಮುಗಿದ ಮೇಲೆ ಚಹಾ ಹಿಡಿದುಕೊಂಡು ಇನ್ನೊಂದು ತುದಿಗೆ ನಡೆಯುವುದು ಇಲ್ಲಿಯ ಹಳೆಯ ರೂಢಿ. ಹಾಗೆ ನಡೆಯುವಾಗ ಎದುರು ತಂಡದವರು ಸಿಗುತ್ತಾರೆ. ಒಂದಿಷ್ಟು ಕೀಟಲೆ, ಒಂದಿಷ್ಟು ನಗು. ಇಲ್ಲಿ ಎರಡೂ ಕಡೆಯವರನ್ನು ಬೇರ್ಪಡಿಸುವ ಬೇಲಿ ಸಾಮಾನ್ಯವಾಗಿ ಇರುವುದಿಲ್ಲ.

ಮೂರನೆಯದು, ಆಡುವವರು. ಈ ಮಟ್ಟದಲ್ಲಿ ಆಡುವವರಲ್ಲಿ ಬಹುತೇಕರಿಗೆ ಫುಟ್‌ಬಾಲ್ ಹೊಟ್ಟೆಪಾಡಲ್ಲ. ವಾರವೆಲ್ಲ ವ್ಯಾನ್ ಓಡಿಸಿ, ಗೋಡೆ ಕಟ್ಟಿ, ಶಾಲೆಯಲ್ಲಿ ಪಾಠ ಹೇಳಿ, ಎರಡು ಸಂಜೆ ಅಭ್ಯಾಸ ಮಾಡಿ, ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಮೈದಾನಕ್ಕೆ ಇಳಿಯುತ್ತಾರೆ. ಆದ್ದರಿಂದ ಆಟ ಯಾವಾಗಲೂ ಚೆನ್ನಾಗಿರುತ್ತದೆ ಎಂದು ನಾವು ಹೇಳುವುದಿಲ್ಲ. ಕೆಲವು ಪಂದ್ಯಗಳಲ್ಲಿ ಚೆಂಡು ನೆಲಕ್ಕಿಂತ ಆಕಾಶದಲ್ಲೇ ಹೆಚ್ಚು ಹೊತ್ತು ಇರುತ್ತದೆ. ಆದರೆ ಕೊನೆಯ ಹತ್ತು ನಿಮಿಷದಲ್ಲಿ, ಒಂದು ಗೋಲಿನಿಂದ ಹಿಂದಿರುವ ತಂಡ ಇದ್ದಬದ್ದ ಉಸಿರನ್ನೆಲ್ಲ ಹಾಕಿ ಓಡುವುದನ್ನು ಹತ್ತು ಅಡಿ ದೂರದಿಂದ ನೋಡಿದವರಿಗೆ ಅದು ಮರೆಯುವುದಿಲ್ಲ.

ಅವರು ಅಷ್ಟು ಓಡುವುದಕ್ಕೆ ಒಂದು ಲೆಕ್ಕವೂ ಇದೆ. 2022-23ರಲ್ಲಿ ಕಪ್ಪಿನ ಮೊಟ್ಟಮೊದಲ ಪ್ರಾಥಮಿಕ ಸುತ್ತು ಗೆದ್ದ ತಂಡಕ್ಕೆ ಸಿಕ್ಕ ಬಹುಮಾನ 1,125 ಪೌಂಡ್. ಫೈನಲ್ ಗೆದ್ದವರಿಗೆ 20 ಲಕ್ಷ ಪೌಂಡ್. ದೊಡ್ಡ ತಂಡಕ್ಕೆ ಆ 20 ಲಕ್ಷ ಒಬ್ಬ ಆಟಗಾರನ ಕೆಲವು ವಾರಗಳ ಸಂಬಳವಾದೀತು. ಸಣ್ಣ ತಂಡಕ್ಕೆ ಆ ಸಾವಿರ ಚಿಲ್ಲರೆ ಪೌಂಡ್ ಎಂದರೆ ದೂರದ ಊರಿನ ಪಂದ್ಯಗಳಿಗೆ ಬಸ್ಸಿನ ಬಾಡಿಗೆ, ಹೊಸ ಬಲೆ, ಹುಲ್ಲು ಕತ್ತರಿಸುವ ಖರ್ಚು. ಎರಡು ಮೂರು ಸುತ್ತು ಗೆದ್ದರೆ ಇಡೀ ವರ್ಷ ನಿಶ್ಚಿಂತೆ.

ಇಲ್ಫರ್ಡಿನ ತಂಡಗಳ ಕತೆ

ಇಲ್ಫರ್ಡ್ ಫುಟ್‌ಬಾಲ್ ಕ್ಲಬ್ ಸ್ಥಾಪನೆಯಾದದ್ದು 1881ರಲ್ಲಿ. 1904ರಿಂದ ಅದರ ಮೈದಾನ ಇದ್ದದ್ದು ನ್ಯೂಬರಿ ಪಾರ್ಕಿನ ಲಿನ್ ರಸ್ತೆಯಲ್ಲಿ. 1929 ಮತ್ತು 1930ರಲ್ಲಿ, ಸತತ ಎರಡು ವರ್ಷ, ಇಡೀ ಇಂಗ್ಲೆಂಡಿನ ಹವ್ಯಾಸಿ ತಂಡಗಳ ಕಪ್ಪನ್ನು ಇಲ್ಫರ್ಡ್ ಗೆದ್ದುಕೊಂಡಿತು. ಆ ಅಮೆಚೂರ್ ಕಪ್ಪಿನ ಕಟ್ಟಕಡೆಯ ಫೈನಲ್ 1974ರಲ್ಲಿ ವೆಂಬ್ಲಿಯಲ್ಲಿ ನಡೆದಾಗಲೂ ಅಲ್ಲಿ ಇಲ್ಫರ್ಡ್ ಇತ್ತು. ಬಿಷಪ್ಸ್ ಸ್ಟಾರ್ಟ್‌ಫರ್ಡ್ ತಂಡ 4-1ರಿಂದ ಗೆದ್ದಿತು. ನಮ್ಮ ಊರಿನ ಹೆಸರು ಹೊತ್ತ ತಂಡ ವೆಂಬ್ಲಿಯಲ್ಲಿ ಆಡಿತ್ತು ಎಂಬುದು ನಮ್ಮ ಮಕ್ಕಳಲ್ಲಿ ಎಷ್ಟು ಜನರಿಗೆ ಗೊತ್ತು?

ಅದಾದ ಐದೇ ವರ್ಷಗಳಲ್ಲಿ ಆ ತಂಡ ತನ್ನ ಹೆಸರನ್ನು ಹಂಚಿಕೊಳ್ಳಬೇಕಾಯಿತು. ಲಿನ್ ರಸ್ತೆಯ ಮೈದಾನ ಕೈಬಿಟ್ಟು ಹೋಯಿತು, ಈಗ ಅಲ್ಲಿ ಮನೆಗಳಿವೆ. 1979ರಲ್ಲಿ ಇಲ್ಫರ್ಡ್ ತಂಡ ಲೇಟನ್‌ಸ್ಟೋನ್ ತಂಡದೊಡನೆ ಸೇರಿತು. 1988ರಲ್ಲಿ ಅದಕ್ಕೆ ವಾಲ್ತಮ್‌ಸ್ಟೋ ಅವೆನ್ಯೂ ಸೇರಿತು. 1989ರಲ್ಲಿ ರೆಡ್‌ಬ್ರಿಜ್ ಫಾರೆಸ್ಟ್ ಎಂದು ಹೆಸರಾಯಿತು. 1992ರಲ್ಲಿ ಡ್ಯಾಗೆನಮ್ ತಂಡದೊಡನೆ ಸೇರಿ ಡ್ಯಾಗೆನಮ್ ಅಂಡ್ ರೆಡ್‌ಬ್ರಿಜ್ ಆಯಿತು. ನಾಲ್ಕು ನದಿ ಸೇರಿ ಒಂದಾದಂತೆ ಎಂದು ಹೇಳಬಹುದು. ಆದರೆ ಸೇರಿದ ಮೇಲೆ ಇಲ್ಫರ್ಡ್ ಎಂಬ ಹೆಸರು ಉಳಿಯಲಿಲ್ಲ. ಊರಿನ ಕೆಲವರು ಅದಕ್ಕೂ ಮೊದಲೇ, 1987ರಲ್ಲಿ, ಇಲ್ಫರ್ಡ್ ಹೆಸರಿನಲ್ಲೇ ಹೊಸ ತಂಡ ಕಟ್ಟಿದ್ದರು. ಸೆವೆನ್ ಕಿಂಗ್ಸ್ ಕಡೆಗೆ ಹೋಗುವ ಹೈ ರೋಡಿನ ಬದಿಯ ಕ್ರಿಕಲ್‌ಫೀಲ್ಡ್ ಮೈದಾನ ಅದರ ಮನೆಯಾಯಿತು.

ಬಾರ್ಕಿಂಗ್‌ಸೈಡ್ ರೈಲು ನಿಲ್ದಾಣಕ್ಕೆ ಅಂಟಿಕೊಂಡೇ ಇರುವ ಓಕ್‌ಸೈಡ್ ಮೈದಾನದ ರೆಡ್‌ಬ್ರಿಜ್ ತಂಡದ್ದು ಇನ್ನೊಂದು ಕತೆ. ಅದರ ಮೂಲ ಡ್ಯಾಗೆನಮ್ಮಿನ ಫೋರ್ಡ್ ಕಾರ್ಖಾನೆಯ ಕೆಲಸಗಾರರ ತಂಡಗಳು. ಭಾರತದಿಂದ ಬಂದ ಎಷ್ಟೋ ಜನ ಮೊದಲು ದುಡಿದದ್ದು ಅದೇ ಕಾರ್ಖಾನೆಯಲ್ಲಿ. ಫೋರ್ಡ್ ಯುನೈಟೆಡ್ ಎಂದಿದ್ದ ಹೆಸರು 2004ರಲ್ಲಿ ರೆಡ್‌ಬ್ರಿಜ್ ಎಂದು ಬದಲಾಯಿತು. 2011ರಲ್ಲಿ, ಏಣಿಯ ಎಂಟನೆಯ ಮೆಟ್ಟಿಲಲ್ಲಿದ್ದ ಈ ತಂಡ ಅರ್ಹತಾ ಸುತ್ತುಗಳನ್ನೆಲ್ಲ ದಾಟಿ, ಮೊದಲ ಸುತ್ತಿನಲ್ಲಿ ಆಕ್ಸ್‌ಫರ್ಡ್ ಸಿಟಿ ತಂಡವನ್ನು ಮರುಪಂದ್ಯದಲ್ಲಿ ಸೋಲಿಸಿ, ಎರಡನೆಯ ಸುತ್ತು ತಲುಪಿತು. ಅಲ್ಲಿ ಕ್ರಾಲಿ ಟೌನ್ ತಂಡಕ್ಕೆ 5-0ಯಿಂದ ಸೋತಿತು. ಇನ್ನೊಂದೇ ಗೆಲುವು ಸಿಕ್ಕಿದ್ದರೆ ಪ್ರೀಮಿಯರ್ ಲೀಗಿನ ದೊಡ್ಡ ತಂಡಗಳೂ ಇರುವ ಚೀಟಿಯ ಡಬ್ಬಿಯಲ್ಲಿ ಬಾರ್ಕಿಂಗ್‌ಸೈಡಿನ ಚೀಟಿಯೂ ಇರುತ್ತಿತ್ತು. ಅಂದ ಹಾಗೆ, ಮೊದಲ ಸುತ್ತಿನಿಂದ ಮುಂದಕ್ಕೆ ಇಂತಹ ಮರುಪಂದ್ಯಗಳನ್ನು 2024-25ರಿಂದ ನಿಲ್ಲಿಸಲಾಗಿದೆ. ದೊಡ್ಡ ತಂಡದೊಡನೆ ಸಮ ಮಾಡಿಕೊಂಡು ಇನ್ನೊಂದು ದಿನದ ಟಿಕೆಟ್ ಹಣ ಗಳಿಸುವ ಅವಕಾಶ ಸಣ್ಣ ತಂಡಗಳಿಗೆ ಅಷ್ಟರಮಟ್ಟಿಗೆ ತಪ್ಪಿತು.

ಲಿನ್ ರಸ್ತೆಯಲ್ಲಿ ಬೆಂಗಳೂರಿನ ಗೋಲು

ಈಗ ನಮ್ಮ ನಾಡಿನ ಸಂಬಂಧಕ್ಕೆ ಬರೋಣ. ಲಿನ್ ರಸ್ತೆಯ ಆ ಮೈದಾನದಲ್ಲಿ ನಡೆದ ಅತ್ಯಂತ ದೊಡ್ಡ ಪಂದ್ಯಗಳಲ್ಲಿ ಒಂದು ಇಲ್ಫರ್ಡಿನದಲ್ಲ, ಭಾರತದ್ದು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಮತ್ತು ಫ್ರಾನ್ಸ್ ನಡುವಿನ ಫುಟ್‌ಬಾಲ್ ಪಂದ್ಯ ಜುಲೈ 31ರಂದು ಅಲ್ಲಿಯೇ ನಡೆಯಿತು. ದೇಶಕ್ಕೆ ಸ್ವಾತಂತ್ರ್ಯ ಬಂದು ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಒಲಿಂಪಿಕ್ಸ್‌ನಲ್ಲಿ ಭಾರತದ ಫುಟ್‌ಬಾಲ್ ತಂಡಕ್ಕೆ ಅದೇ ಮೊದಲ ಪಂದ್ಯ. ಅದು ದೇಶದೊಳಗಿನ ಕಪ್ ಅಲ್ಲದಿದ್ದರೂ ಪದ್ಧತಿ ಅದೇ ನಾಕ್‌ಔಟ್. ಸೋತರೆ ಮನೆಗೆ.

ನಾಗಾಲ್ಯಾಂಡಿನ ಟಾಲಿಮೆರೆನ್ ಆವೊ ತಂಡದ ನಾಯಕರು, ಓದಿನಿಂದ ವೈದ್ಯರು. ಗೋಲ್ ಕೀಪರ್ ವರದರಾಜ್, ಮುನ್ಪಡೆಯ ಅಹ್ಮದ್ ಖಾನ್, ಧನರಾಜ್, ಸಾರಂಗಪಾಣಿ ರಾಮನ್, ಇವರೆಲ್ಲ ಬೆಂಗಳೂರಿನವರು. ಆಟಗಾರರಲ್ಲಿ ಹೆಚ್ಚಿನವರು ಆಡಿದ್ದು ಬರಿಗಾಲಿನಲ್ಲಿ. ಸುಮಾರು 17,000 ಜನ ನೋಡುತ್ತಿದ್ದರು. ಮೂವತ್ತನೆಯ ನಿಮಿಷದಲ್ಲಿ ಫ್ರಾನ್ಸ್ ಗೋಲು ಹೊಡೆಯಿತು. ಭಾರತಕ್ಕೆ ಎರಡು ಪೆನಾಲ್ಟಿ ಸಿಕ್ಕವು, ಎರಡೂ ವ್ಯರ್ಥವಾದವು. ಎಪ್ಪತ್ತನೆಯ ನಿಮಿಷದಲ್ಲಿ ರಾಮನ್ ಗೋಲು ಹೊಡೆದು ಸಮ ಮಾಡಿದರು. ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಭಾರತದ ಮೊಟ್ಟಮೊದಲ ಗೋಲು ಅದು, ಹೊಡೆದವರು ಬೆಂಗಳೂರಿನವರು, ಹೊಡೆದದ್ದು ಇಲ್ಫರ್ಡಿನಲ್ಲಿ! ಆಟ ಮುಗಿಯಲು ಒಂದು ನಿಮಿಷವಿರುವಾಗ ಫ್ರಾನ್ಸ್ ಮತ್ತೊಂದು ಗೋಲು ಹೊಡೆದು 2-1ರಿಂದ ಗೆದ್ದಿತು.

ಬೆಂಗಳೂರಿನಿಂದ ಅಷ್ಟು ಜನ ಹೇಗೆ ಬಂದರು ಎಂದು ಕೇಳಬಹುದು. ಅದಕ್ಕೂ ಸಣ್ಣ ಮೈದಾನಗಳೇ ಕಾರಣ. ಹಲಸೂರಿನ ಗೌತಮಪುರ, ಆಸ್ಟಿನ್ ಟೌನ್‌ನಂತಹ ದುಡಿಯುವ ಜನರ ಬಡಾವಣೆಗಳಲ್ಲಿ ಹುಡುಗರು ಕಿರಿದಾದ ಬಯಲುಗಳಲ್ಲಿ ಆಡಿಯೇ ಬೆಳೆಯುತ್ತಿದ್ದರು. ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ಇದೆ. ಬ್ರಿಟಿಷ್ ಸೈನ್ಯದ ತಂಡಗಳ ಪಾಲಾಗುತ್ತಿದ್ದ ಮುಂಬಯಿಯ ರೋವರ್ಸ್ ಕಪ್ಪನ್ನು 1937ರಲ್ಲಿ ಗೆದ್ದ ಮೊದಲ ಭಾರತೀಯ ನಾಗರಿಕ ತಂಡ ಬೆಂಗಳೂರು ಮುಸ್ಲಿಮ್ಸ್. 1938ರಲ್ಲಿ ಅದನ್ನೇ ಮತ್ತೆ ಗೆದ್ದರು. ಮೈಸೂರು ರಾಜ್ಯ ನಾಲ್ಕು ಬಾರಿ ಸಂತೋಷ್ ಟ್ರೋಫಿ ಗೆದ್ದಿತು, ಕೊನೆಯದು 1968-69ರಲ್ಲಿ. ಆಮೇಲೆ ಕರ್ನಾಟಕ ಮತ್ತೆ ಅದನ್ನು ಎತ್ತಿ ಹಿಡಿಯಲು 2023ರ ಮಾರ್ಚ್‌ವರೆಗೆ ಕಾಯಬೇಕಾಯಿತು. ಮೈದಾನ ಇದ್ದಲ್ಲಿ ಆಟಗಾರರು ಹುಟ್ಟುತ್ತಾರೆ, ಮೈದಾನ ಹೋದರೆ ಅವರೂ ಹೋಗುತ್ತಾರೆ. ಇದು ಹಲಸೂರಿಗೂ ಇಲ್ಫರ್ಡಿಗೂ ಒಂದೇ.

ಹೋಗದಿರಲು ನಾವು ಹೇಳುವ ಕಾರಣಗಳು

ನಮ್ಮ ತಂದೆತಾಯಂದಿರನ್ನು ಕೇಳಿದರೆ ಹಲವು ಕಾರಣಗಳು ಬರುತ್ತವೆ. ಮಳೆ, ಚಳಿ, ಶನಿವಾರ ಟ್ಯೂಷನ್, ಮೈದಾನದಲ್ಲಿ ಕೆಟ್ಟ ಮಾತು. ಹಿರಿಯರಿಗೆ ಇನ್ನೂ ಒಂದು ಕಾರಣವಿದೆ. ಎಪ್ಪತ್ತು, ಎಂಬತ್ತರ ದಶಕದಲ್ಲಿ ಪಂದ್ಯದ ದಿನ ನಮ್ಮವರು ಕೆಲವು ಬೀದಿಗಳ ಕಡೆ ಹೋಗುತ್ತಲೇ ಇರಲಿಲ್ಲ. ಬೈಗುಳ, ಕೆಲವೊಮ್ಮೆ ಏಟು. ಆ ನೆನಪನ್ನು ನಾವು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಫುಟ್‌ಬಾಲ್ ನಮ್ಮದಲ್ಲ ಎಂಬ ಭಾವನೆ ಎಷ್ಟೋ ಮನೆಗಳಲ್ಲಿ ಉಳಿದದ್ದು ಅದರಿಂದಲೇ.

ಆದರೆ ಕಾಲ ನಿಂತಿಲ್ಲ. ನಮ್ಮ ಈ ಪೂರ್ವ ಲಂಡನ್ನಿನಲ್ಲೇ ಬಾಂಗ್ಲಾ ಮೂಲದ ಹುಡುಗರು 1996ರಲ್ಲಿ ಕಟ್ಟಿದ ಸ್ಪೋರ್ಟಿಂಗ್ ಬೆಂಗಾಲ್ ತಂಡ ಈ ಶತಮಾನದ ಮೊದಲ ದಶಕದಲ್ಲೇ ಎಫ್.ಎ. ಕಪ್ಪಿನ ಪ್ರಾಥಮಿಕ ಸುತ್ತುಗಳಿಗೆ ಇಳಿಯಿತು. 2021ರಲ್ಲಿ ಲೆಸ್ಟರ್ ತಂಡ ಕಪ್ ಗೆದ್ದಾಗ ವೆಂಬ್ಲಿಯಲ್ಲಿ ಆಡಿದವರಲ್ಲಿ ತಾಯಿಯ ಕಡೆಯಿಂದ ಬಾಂಗ್ಲಾ ಮೂಲದ ಹಮ್ಜಾ ಚೌಧರಿಯೂ ಒಬ್ಬರು. ಇಲ್ಫರ್ಡಿನಲ್ಲೇ ಹುಟ್ಟಿದ ಪಾಲ್ ಇನ್ಸ್ 1993ರಲ್ಲಿ ಇಂಗ್ಲೆಂಡ್ ತಂಡದ ನಾಯಕತ್ವ ವಹಿಸಿದ ಮೊದಲ ಕಪ್ಪು ವರ್ಣದ ಆಟಗಾರರಾದರು. ಬಾಗಿಲು ತಾನಾಗಿ ತೆರೆಯಲಿಲ್ಲ, ಯಾರೋ ಹೋಗಿ ನಿಂತದ್ದರಿಂದ ತೆರೆಯಿತು.

ನಾವು ಹೋಗುವ ಪಂದ್ಯಗಳಲ್ಲಿ ಕೆಟ್ಟ ಮಾತು ಕಿವಿಗೆ ಬಿದ್ದೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ನೂರು ಜನರ ನಡುವೆ ಹತ್ತು ಮಕ್ಕಳು ನಿಂತಿದ್ದರೆ ದೊಡ್ಡವರ ನಾಲಿಗೆ ತಾನಾಗಿ ಹಿಡಿತಕ್ಕೆ ಬರುವುದನ್ನೂ ನೋಡಿದ್ದೇವೆ. ಎಂಬತ್ತು ಸಾವಿರ ಜನರ ವೆಂಬ್ಲಿಯಲ್ಲಿ ನಾವು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ನೂರು ಜನರ ಮೈದಾನದಲ್ಲಿ ಒಂದು ಕುಟುಂಬ ಬಂದರೆ ಐದು ಜನ ಹೆಚ್ಚಾದಂತೆ. ಬಾಗಿಲಲ್ಲಿ ಟಿಕೆಟ್ ಕೊಡುವವರು, ಚಹಾ ಮಾಡುವವರು ಎರಡನೆಯ ಸಲಕ್ಕೇ ನಮ್ಮ ಮುಖ ಗುರುತು ಹಿಡಿಯುತ್ತಾರೆ. ಈ ಊರಿನಲ್ಲಿ ನಾವು ಮನೆ ಕೊಂಡಿದ್ದೇವೆ, ತೆರಿಗೆ ಕಟ್ಟುತ್ತೇವೆ, ದೇವಸ್ಥಾನ ಕಟ್ಟಿದ್ದೇವೆ. ಊರಿನ ತಂಡ ಗೆಲ್ಲಲಿ ಎಂದು ಊರಿನವರ ಜೊತೆ ನಿಂತು ಒಮ್ಮೆ ಕೂಗಿದಾಗ ಆಗುವ ನಂಟು ಮಾತ್ರ ಬೇರೆಯೇ.

ಮೊದಲ ಬಾರಿ ಹೋಗುವವರಿಗೆ

ಪ್ರಾಥಮಿಕ ಸುತ್ತಿನ ಚೀಟಿ ಎತ್ತುವುದು ಬೇಸಿಗೆಯಲ್ಲಿ. ಇಲ್ಫರ್ಡ್, ರೆಡ್‌ಬ್ರಿಜ್ ತಂಡಗಳಿಗೆ ಆ ವರ್ಷ ಪಂದ್ಯವಿದೆಯೇ, ಇದ್ದರೆ ಅದು ತಮ್ಮ ಮೈದಾನದಲ್ಲಿಯೋ ಎದುರಾಳಿಯ ಊರಿನಲ್ಲಿಯೋ ಎಂಬುದನ್ನು ಮೊದಲೇ ತಿಳಿದುಕೊಳ್ಳಿ. ಕ್ರಿಕಲ್‌ಫೀಲ್ಡಿಗೆ ಸೆವೆನ್ ಕಿಂಗ್ಸ್ ನಿಲ್ದಾಣ ಹತ್ತಿರ, ಓಕ್‌ಸೈಡಿಗೆ ಸೆಂಟ್ರಲ್ ಲೈನಿನ ಬಾರ್ಕಿಂಗ್‌ಸೈಡ್. ಆಗಸ್ಟ್ ಎಂದು ನಂಬಬೇಡಿ, ಕೊಡೆ ಇರಲಿ. ಮಕ್ಕಳು ಒಬ್ಬ ಆಟಗಾರನನ್ನು ಆರಿಸಿಕೊಂಡು ಹತ್ತು ನಿಮಿಷ ಚೆಂಡನ್ನು ಬಿಟ್ಟು ಅವನನ್ನೇ ನೋಡಲಿ. ಚೆಂಡು ತನ್ನ ಬಳಿ ಇಲ್ಲದಾಗ ಆಟಗಾರ ಏನು ಮಾಡುತ್ತಾನೆ ಎಂಬುದನ್ನು ಟಿ.ವಿ. ತೋರಿಸುವುದಿಲ್ಲ.

ಲಿನ್ ರಸ್ತೆಯ ಮೈದಾನವನ್ನು ನಾವು ಯಾರೂ ಉಳಿಸಿಕೊಳ್ಳಲಾಗಲಿಲ್ಲ. ರಾಮನ್ ಗೋಲು ಹೊಡೆದ ನೆಲದ ಮೇಲೆ ಈಗ ಯಾರದೋ ಹಿತ್ತಲಿರಬಹುದು. ಆದರೆ ಕ್ರಿಕಲ್‌ಫೀಲ್ಡ್ ಇದೆ, ಓಕ್‌ಸೈಡ್ ಇದೆ. ಜನ ಬರುವ ಮೈದಾನವನ್ನು ಮುಚ್ಚುವುದು ಕಷ್ಟ, ಖಾಲಿ ಮೈದಾನವನ್ನು ಮುಚ್ಚುವುದು ಸುಲಭ. ಆದ್ದರಿಂದ ಮುಂದಿನ ಆಗಸ್ಟ್‌ನಲ್ಲಿ ಒಂದು ಶನಿವಾರವನ್ನು ಇದಕ್ಕಾಗಿ ಬಿಡುವು ಮಾಡಿಕೊಳ್ಳಿ ಎಂಬುದು ನಮ್ಮ ವಿನಂತಿ. ಅಜ್ಜ ಅಜ್ಜಿಯರು ಊರಿನಿಂದ ಬಂದಿದ್ದರೆ ಅವರನ್ನೂ ಕರೆತನ್ನಿ. ಅವರಲ್ಲಿ ಬೆಂಗಳೂರಿನ ಹಳೆಯ ಪಂದ್ಯಗಳನ್ನು ನೋಡಿದವರು ಯಾರಾದರೂ ಇದ್ದೇ ಇರುತ್ತಾರೆ.